ಪಟ್ಟಿಯಲ್ಲಿಲ್ಲದ ಪಂಜರ

"ಇದರ ಒಳಗಿನದ್ದು ಎಲ್ಲಿ ಸರ್?"

ಬರ್ತಾಬಾಯಿಯ ಪ್ರಶ್ನೆಗೆ ಎಸ್‌ಐ ಗಣಪ ತಲೆ ಎತ್ತಲಿಲ್ಲ. ಕಾಪು ಠಾಣೆಯ ಹಿಂಬದಿಯ ಕೋಣೆಯಲ್ಲಿ, ಎರಡು ಮೇಜು ಜೋಡಿಸಿದ ಮೇಲೆ, ಕಡುನೀಲಿ ಮಖಮಲ್ಲಿನ ಆ ಗೌನು ಚಪ್ಪಟೆಯಾಗಿ ಬಿದ್ದುಕೊಂಡಿತ್ತು. ಕೆಮ್ಮಣ್ಣಿನ ಬರ್ತಾಬಾಯಿ ಅದನ್ನು ಹೊಲಿದ ದರ್ಜಿ. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದರು.

"ಒಳಗಿನದ್ದು ಅಂದರೆ ಎಂತ ಬಾಯಮ್ಮ? ಹೆಂಗಸರ ಒಳ ಉಡುಪನ್ನೆಲ್ಲ ನಾನು ಪಂಚನಾಮೆಯಲ್ಲಿ ಬರೆಯಲಿಕ್ಕೆ ಉಂಟಾ?" ಗಣಪನ ಕಿವಿ ಕೆಂಪಾಗಿತ್ತು.

"ಬರೆಯಬೇಕಿತ್ತು," ಎಂದರು ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದ ವಾರಿಜಾ.

ವಾರಿಜಾ ಮೂವತ್ತೊಂದು ವರ್ಷ ಮಹಿಳಾ ಪೊಲೀಸ್ ಆಗಿದ್ದು, ಹೆಡ್‌ ಕಾನ್‌ಸ್ಟೇಬಲ್‌ ಆಗಿ ನಿವೃತ್ತರಾದವರು. ಈಗ ಉಡುಪಿಯಲ್ಲಿ, ಪೊಲೀಸರು ಕೈಬಿಟ್ಟ ಕೇಸು ಹಿಡಿದುಕೊಂಡು ಬರುವವರ ಪಾಲಿಗೆ ಕೊನೆಯ ಬಾಗಿಲು. ಗಣಪ ಅವರ ಕೈಕೆಳಗೆ ಲಾಠಿ ಹಿಡಿಯಲು ಕಲಿತವನು. ಈಗ ಅವನ ಭುಜದ ಮೇಲೆ ನಕ್ಷತ್ರ, ಇವರ ಮೊಣಕಾಲಿಗೆ ನೋವಿನೆಣ್ಣೆ.

ಭಾನುವಾರ ಮಣಿಪಾಲದ ನಾಟಕ ಸ್ಪರ್ಧೆಯಲ್ಲಿ ಫರಂಗಿ ದೊರೆಸಾನಿಯ ಪಾತ್ರ ಮಾಡಿದ ಹದಿನೇಳರ ಅಶ್ವಿನಿ ಮನೆಗೆ ಬಂದಿರಲಿಲ್ಲ. ಸೋಮವಾರ ಬೆಳಿಗ್ಗೆ ಅವಳ ಗೌನು ಮಾತ್ರ ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಸಿಕ್ಕಿತ್ತು. ಇವತ್ತು ಗುರುವಾರ.

"ನಾಲ್ಕು ದಿನ ದೋಣಿಯವರು ಹುಡುಕಿದರು ವಾರಿಜಕ್ಕ," ಗಣಪ ಹೇಳಿದ. "ಬಲೆ ಬಿಟ್ಟೂ ನೋಡಿದರು. ಇವತ್ತು ಐದು ಗಂಟೆಗೆ ನನ್ನ ವರದಿ ಮೇಲೆ ಹೋಗಬೇಕು. ಕಡಲಿಗೆ ಹಾರಿ ಸತ್ತಿದ್ದಾಳೆ ಅಂತ ಬರೆಯುತ್ತೇನೆ. ಬೇರೆ ಎಂತ ಬರೆಯಲಿ?"

ಹಾಗೆ ಬರೆದ ಮೇಲೆ ಏನಾಗುತ್ತದೆಂದು ವಾರಿಜಾಗೆ ಚೆನ್ನಾಗಿ ಗೊತ್ತಿತ್ತು. ಸತ್ತವಳನ್ನು ಯಾರೂ ಬಸ್ ನಿಲ್ದಾಣದಲ್ಲಿ ಹುಡುಕುವುದಿಲ್ಲ, ರೈಲಿನಲ್ಲಿ ಹುಡುಕುವುದಿಲ್ಲ. ಬದುಕಿದ್ದರೆ ಆ ಹುಡುಗಿ ಎಲ್ಲಿದ್ದಾಳೋ ಅಲ್ಲೇ ಉಳಿದುಬಿಡುತ್ತಾಳೆ.

"ಬರ್ತಾಬಾಯಿ, ಒಳಗಿನದ್ದು ಎಂತ, ಸರಿಯಾಗಿ ಹೇಳಿ. ಗಣಪನಿಗೆ ನಾಚಿಕೆಯಾದರೆ ಕಿಟಕಿ ನೋಡಲಿ."

"ನಾವು ಅದಕ್ಕೆ ಪಂಜರ ಅನ್ನುವುದು," ಎಂದರು ಬರ್ತಾಬಾಯಿ. "ಐದು ಬೆತ್ತದ ಬಳೆ. ಮೇಲಿನದ್ದು ಸೊಂಟದ ಹತ್ತಿರ, ಸಣ್ಣದು. ಕೆಳಗಿನದ್ದು ಮದುವೆಯ ಅನ್ನದ ಕೊಪ್ಪರಿಗೆಯಷ್ಟು ಅಗಲ. ಬಳೆಗಳ ಮಧ್ಯೆ ಬಟ್ಟೆಯ ಪಟ್ಟಿ ಕೊಟ್ಟು ಹೊಲಿಯುತ್ತೇನೆ. ಅದನ್ನು ಸೊಂಟಕ್ಕೆ ಕಟ್ಟಿ, ಮೇಲಿನಿಂದ ಗೌನು ಇಳಿಸಿದರೆ ಲಂಗ ಗಂಟೆಯ ಹಾಗೆ ದುಂಡಗೆ ನಿಲ್ಲುತ್ತದೆ. ನೋಡುವವರಿಗೆ ಬೆತ್ತ ಕಾಣುವುದೇ ಇಲ್ಲ. ಆ ಕಾಲದ ಫರಂಗಿ ಹೆಂಗಸರ ಸೊಗಸೆಲ್ಲ ಒಳಗಿನ ಬೆತ್ತದ್ದು ಸರ್, ಮೈಯದ್ದಲ್ಲ."

ಗಣಪ ಕಿಟಕಿಯನ್ನೇ ನೋಡುತ್ತಿದ್ದ.

ವಾರಿಜಾ ಮೇಜಿನ ಮೇಲಿದ್ದ ಎರಡು ಕಾಗದ ಎತ್ತಿಕೊಂಡರು. ಒಂದು ಪೊಲೀಸರ ಪಂಚನಾಮೆ. ಇನ್ನೊಂದು ಉಡುಪಿಯ ವೇಷಭೂಷಣದ ಅಂಗಡಿಯ ಭೋಜ ಶೆಟ್ಟರು ಬಾಡಿಗೆಗೆ ಕೊಡುವಾಗ ಬರೆದ ಪಟ್ಟಿ. ಗೌನು ಒಂದು, ಮೇಲಂಗಿ ಒಂದು, ಟೊಪ್ಪಿ ಒಂದು, ಕಪ್ಪು ಮುಸುಕು ಒಂದು, ಬೂಟು ಒಂದು ಜೊತೆ. ಪೊಲೀಸರು ಬಂಡೆಯ ಮೇಲೆ ಸಿಕ್ಕಿದ್ದನ್ನು ಆ ಪಟ್ಟಿಗೆ ತಾಳೆ ನೋಡಿ, ಎಲ್ಲವೂ ಸರಿಯುಂಟು ಎಂದು ರುಜು ಹಾಕಿದ್ದರು.

"ಪಂಜರ ಪಟ್ಟಿಯಲ್ಲಿ ಇಲ್ಲ ಅಲ್ವಾ?"

"ಇರುವುದಿಲ್ಲ," ಎಂದರು ಬರ್ತಾಬಾಯಿ. "ಭೋಜಣ್ಣ ಹೆಂಗಸರ ಒಳಗಿನ ಸಾಮಾನು ಬರೆಯುವ ಕ್ರಮವೇ ಇಲ್ಲ. ಅವರ ಅಪ್ಪನ ಕಾಲದಿಂದಲೂ ಹಾಗೆ. ಒಳಗಿನದ್ದನ್ನು ನಾನು ಬೇರೆ ಚೀಲದಲ್ಲಿ ಹಾಕಿ ಹೆಂಗಸರ ಕೈಗೇ ಕೊಡುವುದು, ಹೆಂಗಸರ ಕೈಯಿಂದಲೇ ವಾಪಸು ತೆಗೆದುಕೊಳ್ಳುವುದು. ಇಪ್ಪತ್ತಾರು ವರ್ಷದಲ್ಲಿ ಒಂದು ಒಳಲಂಗ ಕಳೆದದ್ದಿಲ್ಲ."

ಮಾನ ಮುಚ್ಚಲು ಹೋಗಿ ಸಾಕ್ಷಿಯನ್ನೇ ಮುಚ್ಚಿದ್ದರು ಭೋಜ ಶೆಟ್ಟರು. ಪಾಪ, ಅವರಿಗೇನು ಗೊತ್ತು.

"ಗಣಪ, ಬೆತ್ತ ನೀರಿನಲ್ಲಿ ಮುಳುಗುತ್ತದಾ?"

"ಇಲ್ಲ."

"ಹುಡುಗಿ ಗೌನು ಬಿಚ್ಚಿಟ್ಟು ಪಂಜರದ ಸಮೇತ ಹಾರಿದ್ದರೆ, ಐದು ಬಳೆ ಇಷ್ಟು ಹೊತ್ತಿಗೆ ಯಾವನಾದರೂ ಒಬ್ಬನ ಬಲೆಗೆ ಸಿಕ್ಕುತ್ತಿತ್ತು. ಪಂಜರವನ್ನೂ ಬಿಚ್ಚಿ ಹಾರಿದ್ದರೆ ಬಂಡೆಯ ಮೇಲೆ ಇರುತ್ತಿತ್ತು. ಎರಡೂ ಆಗಲಿಲ್ಲ."

"ಗಾಳಿಗೆ ಹಾರಿ ಹೋಗಿರಬಹುದು ಅಕ್ಕ. ಇಲ್ಲದಿದ್ದರೆ ಪಂಜರ ಹಾಕದೆಯೇ ಬಂದಿರಬಹುದು."

"ಪಂಜರ ಇಲ್ಲದೆ ಈ ಗೌನಿನಲ್ಲಿ ಬಂಡೆ ಹತ್ತಲಿಕ್ಕೆ ಆಗುವುದಿಲ್ಲ ಸರ್," ಬರ್ತಾಬಾಯಿ ಟೇಪು ಬಿಡಿಸಿ ಗೌನಿನ ಉದ್ದಕ್ಕೆ ಹಿಡಿದರು. "ಬಳೆಗಳ ಮೇಲೆ ಸುತ್ತಿ ಬರಲಿಕ್ಕೆ ಅಂತ ಲಂಗವನ್ನು ಒಂದು ಗೇಣು ಉದ್ದ ಕತ್ತರಿಸುತ್ತೇವೆ. ಪಂಜರ ತೆಗೆದರೆ ಆ ಗೇಣು ಬಟ್ಟೆ ಕಾಲಿಗೆ ಸಿಕ್ಕುತ್ತದೆ. ಇಲ್ಲಿ ನೋಡಿ."

ಮುಂಭಾಗದ ಅಂಚು ಮೂರು ಕಡೆ ಹರಿದಿತ್ತು. ಬೂಟಿನ ಹಿಮ್ಮಡಿ ಒತ್ತಿದ ಗುರುತು ಮಖಮಲ್ಲಿನ ಮೇಲೆ ಸ್ಪಷ್ಟವಾಗಿತ್ತು. ವಾರಿಜಾ ಕನ್ನಡಕ ಹಾಕಿಕೊಂಡು ಬಾಗಿದರು. ಅಂಚಿನ ತುಂಬ ಬೂದು ಧೂಳು. ಬೆರಳಿನಿಂದ ಉಜ್ಜಿ ನೋಡಿದರು. ಮರಳಿನ ಒಂದು ಕಣವೂ ಇರಲಿಲ್ಲ.

"ಇದು ಹಲಗೆಯ ಧೂಳು. ರಂಗದ ಮೇಲಿನದ್ದು."

"ಮತ್ತೆ ಎಂತ?" ಬರ್ತಾಬಾಯಿಯ ದನಿಯಲ್ಲಿ ನಾಲ್ಕು ದಿನದ ಸಿಟ್ಟು ಹೊರಬಿತ್ತು. "ಆ ಹುಡುಗಿಗೆ ನಾನು ಎರಡು ವಾರ ಪಂಜರದಲ್ಲಿ ನಡೆಯಲಿಕ್ಕೆ ಕಲಿಸಿದೆ. ಮೊದಲಿನ ಭಾಗದಲ್ಲಿ ನೀರಿನ ಮೇಲೆ ದೋಣಿ ಹೋದ ಹಾಗೆ ಹೋದಳು. ವಿರಾಮದ ನಂತರ ನೋಡುತ್ತೇನೆ, ಲಂಗ ನೆಲ ಗುಡಿಸುತ್ತಾ ಉಂಟು. ಎರಡು ಸಲ ಎಡವಿದಳು. ಸೆಕೆ ಅಂತ ಪಂಜರ ಬಿಚ್ಚಿ ಬಿಸಾಡಿದ್ದಾಳೆ ಅಂದುಕೊಂಡೆ. ನನ್ನ ಕೈಕೆಲಸಕ್ಕೆ ಅಷ್ಟೇ ಮರ್ಯಾದೆಯಾ ಅಂತ ಎದ್ದು ಕೆಮ್ಮಣ್ಣಿನ ಬಸ್ಸು ಹಿಡಿದೆ."

"ಇದನ್ನು ಯಾರಿಗೂ ಹೇಳಲಿಲ್ಲವಾ ನೀವು?"

"ಯಾರೂ ಕೇಳಲಿಲ್ಲವಲ್ಲ."

ವಾರಿಜಾ ನಿಧಾನವಾಗಿ ಕೇಳಿದರು. "ಪಂಜರವನ್ನು ಒಬ್ಬಳೇ ಕಟ್ಟಿಕೊಳ್ಳಲಿಕ್ಕೆ, ಬಿಚ್ಚಲಿಕ್ಕೆ ಆಗುತ್ತದಾ?"

"ಹೇಗೆ ಆಗುತ್ತದೆ? ಗಂಟು ಬೆನ್ನಿನ ಹಿಂದೆ. ಗೌನನ್ನು ಒಬ್ಬರು ಸ್ಟೂಲಿನ ಮೇಲೆ ನಿಂತು ತಲೆಯ ಮೇಲಿಂದ ಇಳಿಸಬೇಕು. ನಾಟಕದ ದಿನ ಪ್ರಫುಲ್ಲಾ ಟೀಚರ್ ಮಾಡುತ್ತೇನೆ ಅಂದಿದ್ದರು. ಚೀಲವನ್ನೂ ಅವರ ಕೈಗೇ ಕೊಟ್ಟದ್ದು."

ಗಣಪ ಈಗ ಕಿಟಕಿ ಬಿಟ್ಟು ಕಡತ ತೆರೆದ. ಪ್ರಫುಲ್ಲಾ ಟೀಚರ್ ನಾಟಕದ ನಿರ್ದೇಶಕಿ, ಕಾರ್ಕಳದವರು, ಊರಿನವರೆಲ್ಲ ನಮಸ್ಕಾರ ಮಾಡುವಂಥ ಹೆಂಗಸು. ಅವರ ಹೇಳಿಕೆಯನ್ನು ಅವನೇ ಬರೆದುಕೊಂಡಿದ್ದ. 'ಅಶ್ವಿನಿ ತಾನೇ ಉಡುಪು ಧರಿಸಿದಳು. ನಾನು ಗ್ರೀನ್‌ರೂಮಿಗೆ ಹೋಗಲಿಲ್ಲ. ನಾಟಕ ಮುಗಿದು ಏಳು ಗಂಟೆಯ ಸುಮಾರಿಗೆ ಅವಳು ಗೌನಿನಲ್ಲಿಯೇ ಗೇಟಿನಿಂದ ಹೊರಗೆ ಹೋದದ್ದನ್ನು ನೋಡಿದೆ.'

"ಏಳು ಗಂಟೆಗೆ ನೋಡಿದವರು ಇವರೊಬ್ಬರೇ ಅಲ್ವಾ?"

"ಒಬ್ಬರೇ," ಎಂದ ಗಣಪ. "ಅಕ್ಕ, ಐದು ಗಂಟೆಯ ತನಕ ನಾನು ಕಾಯಬಹುದು. ಅದರ ಮೇಲೆ ನನ್ನ ಕೈಯಲ್ಲಿಲ್ಲ."

ಗಡಿಯಾರದಲ್ಲಿ ಹತ್ತೂಮುಕ್ಕಾಲು ಆಗಿತ್ತು.

ಹೊರಗೆ ಜಗಲಿಯ ಕಂಬಕ್ಕೆ ಒರಗಿ ಲಕ್ಕವ್ವ ಕುಳಿತಿದ್ದಳು. ಅಶ್ವಿನಿಯ ತಾಯಿ. ಕುಷ್ಟಗಿಯ ಕಡೆಯಿಂದ ಗಂಡನ ಜೊತೆ ಬಂದು, ಗಂಡ ತೀರಿಹೋದ ಮೇಲೂ ಇಲ್ಲೇ ಉಳಿದು, ಕಟ್ಟಡಗಳಿಗೆ ಕಾಂಕ್ರೀಟು ಹೊತ್ತು ಮಗಳನ್ನು ಪಿಯುಸಿಯವರೆಗೆ ತಂದವಳು. ಮಣಿಪಾಲದ ಅರ್ಧ ಹಾಸ್ಟೆಲುಗಳ ಚಾವಣಿಯಲ್ಲಿ ಅವಳ ಬೆವರುಂಟು. ಮಂಗಳವಾರ ಸಂಜೆ ವಾರಿಜಾರ ಬಾಗಿಲಿಗೆ ಬಂದು ಕಾಲು ಹಿಡಿದಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು.

"ಸಮುದ್ರದಾಗ ಇಲ್ರೀ ಆಕಿ. ನನ ಮಗಳು ಸಮುದ್ರದಾಗ ಇಲ್ಲ."

"ಇಲ್ಲ ಅಂತಲೇ ನನಗೂ ಈಗ ಅನಿಸುತ್ತದೆ. ಏಳು, ಕಾರ್ಕಳಕ್ಕೆ ಹೋಗಲಿಕ್ಕುಂಟು."

ಲಕ್ಕವ್ವ ಏಳಲು ಹೊರಟವಳು ಅರ್ಧಕ್ಕೆ ನಿಂತಳು. "ಕಾರ್ಕಳಕ್ಕ ಯಾಕ್ರೀ?"

"ಪ್ರಫುಲ್ಲಾ ಟೀಚರ್ ಮನೆಗೆ."

"ಹ್ಞೂಂ," ಎಂದು ಅವಳು ಸೆರಗು ಹೊದ್ದುಕೊಂಡಳು.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳದ ದಾರಿ ಹಿಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಲ್ಲುಕೋರೆಯ ಲಾರಿಗಳು ಎದುರಿನಿಂದ ಧೂಳೆಬ್ಬಿಸಿ ಬರುತ್ತಿದ್ದವು. ಲಕ್ಕವ್ವ ಕಿಟಕಿಯ ಸರಳು ಹಿಡಿದು ಪ್ರತಿ ನಿಲ್ದಾಣದಲ್ಲೂ ಹೊರಗೆ ನೋಡುತ್ತಿದ್ದಳು. ಉದ್ದ ಜಡೆಯ ಹುಡುಗಿ ಕಂಡರೆ ಸಾಕು, ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ವಾರಿಜಾಗೆ ಹೆದರಿಕೆಯಾಗಿತ್ತು. ಸೇವೆಯಲ್ಲಿದ್ದಾಗ ಬಾವಿಯಿಂದ, ಹೊಳೆಯಿಂದ, ಕಡಲಿನಿಂದ ಎತ್ತಿದ ಹುಡುಗಿಯರ ಬಳಿ ನಿಂತು ಸೀರೆ ಹೊದಿಸಿದ್ದು ಅವರೇ, ಏಕೆಂದರೆ ಗಂಡು ಪೊಲೀಸರು ಮುಟ್ಟುತ್ತಿರಲಿಲ್ಲ. ಆ ಪ್ರತಿಯೊಬ್ಬಳ ತಾಯಿಯೂ ಹೀಗೇ ಇಲ್ಲ ಇಲ್ಲ ಎಂದಿದ್ದಳು. ಈಗ ಒಂದು ಬೆತ್ತದ ಪಂಜರ ನಂಬಿಕೊಂಡು ತಾನು ಈ ಹೆಂಗಸಿಗೆ ಆಸೆ ಹುಟ್ಟಿಸಿಬಿಟ್ಟೆನೇ? ಸಂಜೆ ಬರಿಗೈಯಲ್ಲಿ ವಾಪಸಾದರೆ ಇವಳ ಮುಖ ಹೇಗೆ ನೋಡಲಿ?

"ಭಾನುವಾರ ನೀನು ನಾಟಕ ನೋಡಲಿಕ್ಕೆ ಹೋಗಲಿಲ್ಲವಾ?" ಮಾತಿಗೆಂದು ಕೇಳಿದರು.

"ಸ್ಲ್ಯಾಬ್ ಕೆಲಸ ಇತ್ರೀ," ಎಂದಳು ಲಕ್ಕವ್ವ, ಹೊರಗೆ ನೋಡುತ್ತಲೇ.

ಪ್ರಫುಲ್ಲಾ ಟೀಚರ್ ಮನೆ ಬಸ್ ನಿಲ್ದಾಣದಿಂದ ಅರ್ಧ ಮೈಲು. ಕೆಂಪು ಗಾರೆಯ ಜಗಲಿ, ಗೋಡೆಯ ತುಂಬ ನಾಟಕದ ಫೋಟೋಗಳು. ಟೀಚರ್ ಐವತ್ತರ ಹತ್ತಿರದವರು, ದಪ್ಪ ಮೈಕಟ್ಟು, ಸಭೆಯ ಕೊನೆಯ ಸಾಲಿಗೂ ಕೇಳಿಸುವ ದನಿ. ಮೇಜಿನ ಮೇಲೆ ಹೊಸ ಫಲಕವೊಂದು ಹೊಳೆಯುತ್ತಿತ್ತು. ಭಾನುವಾರದ ಸ್ಪರ್ಧೆಯ ಪ್ರಥಮ ಬಹುಮಾನ.

ಲಕ್ಕವ್ವ ಗೇಟಿನ ಹೊರಗೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಪೊಲೀಸರಿಗೆ ಎಲ್ಲ ಹೇಳಿದ್ದೇನೆ," ಎಂದರು ಟೀಚರ್. "ಮತ್ತೆ ಮತ್ತೆ ಅದನ್ನೇ ನೆನಪಿಸಿಕೊಳ್ಳಲು ನನಗೂ ಸಂಕಟವಾಗುತ್ತದೆ."

"ಆಗುತ್ತದೆ, ಆಗುತ್ತದೆ. ಸ್ವಲ್ಪ ಕಾಲು ತೊಳೆದುಕೊಳ್ಳುತ್ತೇನೆ, ದಾರಿಯ ಧೂಳು."

"ಇಲ್ಲೇ ನೀರು ತರಿಸುತ್ತೇನೆ," ಎಂದು ಟೀಚರ್ ಎದ್ದರು. ತುಸು ಬೇಗನೇ ಎದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೊಣಕಾಲಿನ ನೋವನ್ನೂ ಮರೆತು ವಾರಿಜಾ ಆಗಲೇ ಅಡುಗೆಮನೆ ದಾಟಿ ಹಿತ್ತಲಿಗೆ ನಡೆದಿದ್ದರು.

ಬಾವಿಕಟ್ಟೆಯ ಪಕ್ಕ ಒಂದು ತಾಯಿಕೋಳಿ, ಏಳೆಂಟು ಮರಿಗಳು. ಹದ್ದಿನ ಕಾಟಕ್ಕೆ ಅವುಗಳ ಮೇಲೆ ಏನೋ ಕವುಚಿ ಹಾಕಿದ್ದರು. ಐದು ಬೆತ್ತದ ಬಳೆ, ಒಂದರ ಮೇಲೊಂದು, ಕೆಳಗೆ ಕೊಪ್ಪರಿಗೆಯಷ್ಟು ಅಗಲ, ಮೇಲೆ ಸಣ್ಣದಾಗುತ್ತ ಹೋಗಿ ತುದಿಯಲ್ಲಿ ಬಿಳಿಯ ಸೊಂಟದ ಪಟ್ಟಿ. ಪಟ್ಟಿಯ ಎರಡು ಲಾಡಿಗಳನ್ನು ಯಾರೋ ಕೋಳಿ ಹಾರದಂತೆ ಗಂಟು ಹಾಕಿದ್ದರು.

ಹಿಂದೆ ಟೀಚರ್ ಬಂದು ನಿಂತ ಸದ್ದು ಕೇಳಿಸಿತು.

"ಅದು ಕೋಳಿ ಮುಚ್ಚುವ ಬುಟ್ಟಿ."

"ಕೋಳಿಗೆ ಸೊಂಟದ ಪಟ್ಟಿ ಯಾಕೆ ಟೀಚರ್?"

"ನಾನು ಅಟ್ಟದಲ್ಲಿ ಇಟ್ಟಿದ್ದೆ. ಕೆಲಸದವಳು..." ಎಂದವರು ತುಟಿ ಕಚ್ಚಿಕೊಂಡರು. ಮಾತು ಬಾಯಿ ದಾಟಿ ಆಗಿತ್ತು.

"ಪಟ್ಟಿಯಲ್ಲಿ ಇಲ್ಲದ ಸಾಮಾನು, ಯಾರೂ ಕೇಳುವುದಿಲ್ಲ ಅಂತ ಮನೆಗೆ ತಂದಿರಿ ಅಲ್ವಾ?" ವಾರಿಜಾ ಬಾವಿಕಟ್ಟೆಯ ಮೇಲೆ ಕುಳಿತರು. "ಟೀಚರ್, ನಾನೊಂದು ಕೇಳುತ್ತೇನೆ. ಆ ಲಾಡಿ ಬಿಚ್ಚಿ ನೀವು ಅದನ್ನು ಒಮ್ಮೆ ಸೊಂಟಕ್ಕೆ ಕಟ್ಟಿಕೊಂಡು ತೋರಿಸುತ್ತೀರಾ?"

"ಇದೆಂತ ಹುಚ್ಚು ಮಾತು?"

"ಇಪ್ಪತ್ನಾಲ್ಕು ಇಂಚು ಸೊಂಟದ ಹುಡುಗಿಗೆ ಹೊಲಿದದ್ದು. ಗೌನಿಗೆ ಬೆನ್ನಿನಲ್ಲಿ ದಾರದ ಹೆಣಿಗೆ ಉಂಟು, ಸಡಿಲ ಬಿಟ್ಟರೆ ಯಾರಿಗೂ ಆಗುತ್ತದೆ. ಪಂಜರ ಹಾಗಲ್ಲ. ನಿಮಗೆ ಅದು ಆಗಲಿಲ್ಲ. ಪಂಜರ ಇಲ್ಲದೆಯೇ ಗೌನು ಹಾಕಿಕೊಂಡು ರಂಗಕ್ಕೆ ಹೋದಿರಿ. ಎರಡು ವಾರ ನಡೆಯಲಿಕ್ಕೆ ಕಲಿತ ಅಶ್ವಿನಿ ಅಲ್ಲ, ಲಂಗ ಕಾಲಿಗೆ ಸಿಕ್ಕಿ ಎರಡು ಸಲ ಎಡವಿದ್ದು ನೀವು. ಕೆಮ್ಮಣ್ಣಿನ ಬರ್ತಾಬಾಯಿ ಎದುರಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದರು."

ಟೀಚರ್ ಬಾವಿಯ ಕಂಬ ಹಿಡಿದುಕೊಂಡರು. ಕೊನೆಯ ಸಾಲಿಗೆ ಕೇಳಿಸುವ ದನಿ ಈಗ ಪಕ್ಕದಲ್ಲಿದ್ದವರಿಗೂ ಕಷ್ಟದಲ್ಲಿ ಕೇಳಿಸಿತು.

"ಎರಡನೆಯ ಭಾಗದಲ್ಲಿ ದೊರೆಸಾನಿ ವಿಧವೆ. ಮುಖಕ್ಕೆ ಕಪ್ಪು ಮುಸುಕು, ಮೈ ಮುಚ್ಚುವ ಮೇಲಂಗಿ. ಒಂದೇ ದೃಶ್ಯ. ಮಾತೆಲ್ಲ ನಾನೇ ಕಲಿಸಿದ್ದು."

"ಅಶ್ವಿನಿ ಎಲ್ಲಿ ಹೋಗಿದ್ದಳು?"

"ಗೊತ್ತಿಲ್ಲ. ಸತ್ಯವಾಗಿ ಗೊತ್ತಿಲ್ಲ. ವಿರಾಮ ಬಿಟ್ಟಾಗ ಐದೂಕಾಲು. ಗ್ರೀನ್‌ರೂಮಿನ ಹಿಂದಿನ ಬಾಗಿಲು ಯಾರೋ ಬಡಿದರು. ಅವಳು ಇಣುಕಿ ನೋಡಿ, ಟೀಚರ್, ಹತ್ತು ನಿಮಿಷ ಹೋಗಿ ಬರುತ್ತೇನೆ ಅಂದಳು. ಪಂಜರದೊಂದಿಗೆ ಆ ಸಣ್ಣ ಬಾಗಿಲು ದಾಟಲು ಆಗುವುದಿಲ್ಲ. ನಾನೇ ಗಂಟು ಬಿಚ್ಚಿದೆ, ನಾನೇ ಗೌನು ಎತ್ತಿದೆ. ಚೂಡಿದಾರ ಹಾಕಿಕೊಂಡು ಓಡಿದಳು. ಎರಡನೆಯ ಗಂಟೆ ಹೊಡೆಯಿತು, ಬರಲಿಲ್ಲ. ಮೂರನೆಯದಕ್ಕೂ ಬರಲಿಲ್ಲ."

"ನಾಟಕ ನಿಲ್ಲಿಸಬಹುದಿತ್ತು."

"ಹೆಸರು ಕೊಟ್ಟ ನಟಿಯೇ ಪಾತ್ರ ಮಾಡಬೇಕು, ಬದಲಾಯಿಸಿದರೆ ತಂಡವೇ ಹೊರಗೆ. ಹಾಗೊಂದು ನಿಯಮ. ಹತ್ತೊಂಬತ್ತು ವರ್ಷದಿಂದ ನಾನು ಆ ಬಹುಮಾನಕ್ಕೆ..." ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. "ಅವಳು ಬಂದೇ ಬರುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ."

"ಬರಲಿಲ್ಲ. ಆಗ ಏಳು ಗಂಟೆಗೆ ಗೇಟಿನಲ್ಲಿ ನೋಡಿದೆ ಅಂತ ಪೊಲೀಸರಿಗೆ ಸುಳ್ಳು ಹೇಳಿದಿರಿ."

"ಹೌದು."

ವಾರಿಜಾಗೆ ಸಿಟ್ಟು ನೆತ್ತಿಗೇರಿತು. ಠಾಣೆಯಲ್ಲಿ ಮೂವತ್ತೊಂದು ವರ್ಷ ಕಳ್ಳರ, ಕುಡುಕರ ಸುಳ್ಳು ಕೇಳಿದ್ದರು. ಅವರು ಹೊಟ್ಟೆಗೋ ಚಟಕ್ಕೋ ಸುಳ್ಳು ಹೇಳುತ್ತಿದ್ದರು. ಇದು ಒಂದು ಹಿತ್ತಾಳೆಯ ತಗಡಿಗೆ.

"ಒಂದು ಫಲಕಕ್ಕೋಸ್ಕರ ನಾಲ್ಕು ದಿನ ಆ ಹುಡುಗಿಯನ್ನು ಕಡಲಿನಲ್ಲಿ ಹುಡುಕಿಸಿದಿರಿ. ಐದೂಕಾಲಿಗೆ ಹೋದವಳನ್ನು ಏಳು ಗಂಟೆಯ ನಂತರ ನೋಡಿದವರು ಯಾರು ಅಂತ ನಾವೆಲ್ಲ ಊರೂರು ಕೇಳುತ್ತಾ ಕುಳಿತೆವು. ಐದೂಕಾಲಿಗೆ ಮಣಿಪಾಲದ ನಿಲ್ದಾಣದಲ್ಲಿ ಇದ್ದವರು, ಬಸ್ಸಿನವರು, ಆಟೋದವರು, ಅವರಿಗೆಲ್ಲ ಭಾನುವಾರ ಈಗ ನೆನಪಿರುತ್ತದಾ ಟೀಚರ್?"

ಮರಿಗಳು ಪಂಜರದೊಳಗೆ ಚಿಂವ್ ಚಿಂವ್ ಎನ್ನುತ್ತಿದ್ದವು.

"ಗೌನು ಕಾಪುವಿಗೆ ಹೇಗೆ ಹೋಯಿತು?"

"ಅದೇ ನನಗೆ ತಿಳಿಯುವುದಿಲ್ಲ. ನಾಟಕ ಮುಗಿದ ಕೂಡಲೇ ಟೊಪ್ಪಿ, ಮುಸುಕು ಎಲ್ಲ ಸೇರಿಸಿ ಗ್ರೀನ್‌ರೂಮಿನ ಮೊಳೆಗೆ ಸಿಕ್ಕಿಸಿ ಬಹುಮಾನ ತೆಗೆದುಕೊಳ್ಳಲು ಹೋದೆ. ವಾಪಸು ಬಂದಾಗ ಇರಲಿಲ್ಲ. ಭೋಜಣ್ಣನ ಜನ ಬಂದು ತೆಗೆದುಕೊಂಡು ಹೋಗಿದ್ದಾರೆ ಅಂದುಕೊಂಡೆ. ಪಂಜರ ಮಾತ್ರ ಪೆಟ್ಟಿಗೆಯ ಹಿಂದೆ ಉಳಿದಿತ್ತು."

ಅಂದರೆ ಯಾರೋ ಬಂದು ಗೌನನ್ನು ಕದ್ದು, ಹತ್ತಾರು ಮೈಲು ಹೊತ್ತುಕೊಂಡು ಹೋಗಿ, ಬಂಡೆಯ ಮೇಲೆ ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಹುಡುಗಿ ಕಡಲಿನಲ್ಲಿದ್ದಾಳೆ ಎಂದು ಲೋಕ ನಂಬಬೇಕು ಎಂಬುದೇ ಅವರ ಲೆಕ್ಕ. ಬೆತ್ತದ ಪಂಜರವೊಂದು ಇರುತ್ತದೆ ಎಂದು ಗೊತ್ತಿಲ್ಲದವರು. ಗಂಡಸಾಗಿರಬೇಕು ಎಂದುಕೊಂಡರು ವಾರಿಜಾ. ಮತ್ತು ಹುಡುಗಿ ಆಗಲೇ ಅವನ ಕೈಯಲ್ಲಿ ಇದ್ದಿರಬೇಕು, ಅವನಿಗೆ ಜೊತೆಗಾರರೂ ಇರಬೇಕು.

"ಬಾಗಿಲು ಬಡಿದದ್ದು ಯಾರು?"

ಟೀಚರ್ ತಲೆ ತಗ್ಗಿಸಿದರು. "ಅವರೇ ಮನೆಗೆ ಕರೆದುಕೊಂಡು ಹೋಗಿದ್ದಾರೆ, ಅವರಿಗೆ ಗೊತ್ತಿರುತ್ತದೆ ಅಂತ ನಾನು ಮೊದಲು ಹೆದರಲೇ ಇಲ್ಲ. ಗೌನು ಸಿಕ್ಕಿದ ಮೇಲೆ ಹೇಳಿದರೆ ನನ್ನದೂ ಹೊರಗೆ ಬರುತ್ತದೆ. ಅವರೂ ಯಾರಿಗೂ ಹೇಳಲಿಲ್ಲ. ಯಾಕೆ ಹೇಳುವುದಿಲ್ಲ ಅಂತ ದಿನಾ ಯೋಚಿಸುತ್ತಿದ್ದೆ."

"ಯಾರು?"

"ಅಶ್ವಿನಿ ಇಣುಕಿ ನೋಡಿ, ಅವ್ವ ಬಂದಾಳೆ ಅಂದಳು. ಹೊರಗಿನಿಂದ ಲಗೂನ ಬಾ ಅಂತ ಹೆಂಗಸಿನ ದನಿ ಕೇಳಿಸಿತು." ಟೀಚರ್ ಮನೆಯ ಮುಂಭಾಗದ ಕಡೆಗೆ ಕೈ ತೋರಿಸಿದರು. "ನಿಮ್ಮ ಜೊತೆ ಬಂದು ಗೇಟಿನಲ್ಲಿ ನಿಂತಿದ್ದಾರಲ್ಲ, ಅವರು."

ಸ್ಲ್ಯಾಬ್ ಕೆಲಸ ಇತ್ತು ಎಂದು ಕಿಟಕಿಯ ಹೊರಗೆ ನೋಡುತ್ತ ಹೇಳಿದವಳು. ಸಮುದ್ರದಲ್ಲಿ ಇಲ್ಲ ಎಂದು ಅಷ್ಟು ಖಚಿತವಾಗಿ ಹೇಳಿದವಳು. ಅದು ತಾಯಿಯ ನಂಬಿಕೆ ಎಂದು ವಾರಿಜಾ ಕರಗಿದ್ದರು. ಅವಳಿಗೆ ಗೊತ್ತೇ ಇತ್ತು.

ಅವರು ಮನೆಯನ್ನು ಬಳಸಿಕೊಂಡು ಗೇಟಿಗೆ ಬಂದರು. ಲಕ್ಕವ್ವ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದಳು. ಇವರ ಮುಖ ನೋಡಿದ್ದೇ ಎದ್ದು ನಿಂತಳು.

"ಭಾನುವಾರ ಐದೂಕಾಲಿಗೆ ನೀನು ಎಲ್ಲಿದ್ದೆ ಲಕ್ಕವ್ವ?"

ಅವಳು ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು.

"ನನ್ನ ಹತ್ತಿರ ಬಂದು ಕಾಲು ಹಿಡಿದಿದ್ದೆ. ನಾನು ಎರಡು ದಿನ ಮೊಣಕಾಲು ಎಳೆದುಕೊಂಡು ಕಾಪು, ಉಡುಪಿ, ಮಣಿಪಾಲ ಅಂತ ತಿರುಗಿದೆ. ಐದು ಗಂಟೆಗೆ ಗಣಪ ನಿನ್ನ ಮಗಳನ್ನು ಸತ್ತವಳು ಅಂತ ಬರೆಯುತ್ತಾನೆ. ಈಗ ಎರಡೂಕಾಲು. ಹೇಳು."

"ಬೈರೀ ಯವ್ವಾ. ಹೊಡೀರಿ ಬೇಕಾದ್ರ," ಎಂದಳು ಲಕ್ಕವ್ವ. ಗೇಟಿನ ಸರಳು ಹಿಡಿದು ಹಾಗೇ ಕೆಳಗೆ ಕುಸಿದಳು. "ನಾನ ಕರ್ಕೊಂಡ್ ಹೋಗೀನ್ರೀ. ನಿನ್ನ ಆಯಿ, ನಮ್ಮವ್ವ, ಸಾಯಾಕ ಬಿದ್ದಾಳ, ಊರಿಗೆ ನಡಿ ಅಂತ ಸುಳ್ಳ ಹೇಳಿ ಕರ್ಕೊಂಡ್ ಹೋದೆ."

"ಯಾಕೆ?"

"ಲಗ್ನ ಮಾಡೂದಿತ್ರೀ. ನನ್ನ ತಮ್ಮ ಶರಣಬಸಪ್ಪ ಊರಾಗ ವರ ನೋಡಿದ್ದ. ಹುಡುಗಿ ಶೆಡ್ಡಿನಾಗ ಒಬ್ಬ್ಯಾಕಿ ಇರತಾಳ, ನಾ ಕೆಲಸಕ್ಕ ಹೋದ್ರ ಕಾಯೋರಿಲ್ಲ. ಓದೂದು ಬ್ಯಾಡ ಅನ್ನಲಿಲ್ಲ ನಾ. ಅಂಜಿಕಿ ಆತ್ರೀ ಅಷ್ಟ. ಹದಿನೆಂಟು ತುಂಬಿಲ್ಲ, ಪೊಲೀಸರಿಗೆ ಗೊತ್ತಾದ್ರ ಒಳಗ ಹಾಕ್ತಾರ ಅಂತ ಯಾರಿಗೂ ಹೇಳಲಿಲ್ಲ."

"ಎಲ್ಲಿಗೆ ಕರೆದುಕೊಂಡು ಹೋದೆ?"

"ಇಲ್ಲಿಗೇರಿ. ಕಾರ್ಕಳದ ಬಸ್‌ಸ್ಟ್ಯಾಂಡಿಗೆ. ಶನಿವಾರ ಒಬ್ಬಾಂವ ಶೆಡ್ಡಿಗೆ ಬಂದಿದ್ದ. ನಿಮ್ಮ ತಮ್ಮ ಕಳಿಸ್ಯಾನ, ನಾಳೆ ಏಳರ ಬಸ್ಸಿಗೆ ಕಾರ್ಕಳಕ್ಕ ಹುಡುಗಿ ಕರ್ಕೊಂಡ್ ಬರ್ರಿ ಅಂದ. ನಮ್ಮ ಮನಿ ಕಟ್ಟಿ ಹೆಂಗೈತಿ, ನಮ್ಮವ್ವಗ ಯಾವ ಕಣ್ಣು ಕಾಣಂಗಿಲ್ಲ, ಎಲ್ಲಾ ಹೇಳಿದ. ನಾಟಕ ಮುಗಿಯೂತನ ಕಾದ್ರ ಬಸ್ ಸಿಗೂದಿಲ್ಲ ಅಂತ ನಡುವ ಕರ್ಕೊಂಡ್ ಬಂದೆ. ಮಗಳು ದಾರಿತುಂಬ ಅಳಾಕತ್ತಿದ್ಳು. ಆಯಿ ಸಾಯತಾಳ ಅಂತಲ್ರೀ. ಆಟ ಅರ್ಧಕ್ಕ ಬಿಟ್ಟ್ ಬಂದೆ, ಟೀಚರ್ ಏನಂತಾರ ಅಂತ."

"ನೀನು ಜೊತೆಗೆ ಹೋಗಲಿಲ್ಲವಾ?"

"ಸೋಮವಾರ ಸ್ಲ್ಯಾಬ್ ಇತ್ರೀ, ಮೇಸ್ತ್ರಿ ಬಿಡಲಿಲ್ಲ. ಅವನ ಕೂಡ ಕಳಿಸಿದೆ. ಆಕಿ ಒಲ್ಲೆ ಅಂತ ನನ್ನ ಸೆರಗ ಹಿಡ್ಕೊಂಡಿದ್ಳು. ನಾನ ಬಿಡಿಸಿ ಆಕಿ ಕೈ ಹಿಡಿದು ಅವನ ಕೈಯಾಗ ಕೊಟ್ಟೆ." ಲಕ್ಕವ್ವ ತನ್ನ ಬಲಗೈಯನ್ನು ಎದುರಿಗೆ ಹಿಡಿದು ನೋಡಿಕೊಂಡಳು. ಸಿಮೆಂಟು ತಿಂದು ಒಡೆದ ಕೈ. "ಸೋಮವಾರ ಗೌನು ಸಿಕ್ತು ಅಂತ ಎಲ್ಲಾರೂ ಅಳಾಕತ್ರು. ನಾ ಮನಸಿನಾಗ, ಆಕಿ ಊರು ಮುಟ್ಯಾಳ, ಅಳ್ರಿ ನೀವು ಅಂದೆ."

"ಆಮೇಲೆ?"

"ಮಂಗಳವಾರ ಮಧ್ಯಾಹ್ನ ಊರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿದೆ. ತಮ್ಮನ್ನ ಕರಸಿದೆ. ಹುಡುಗಿ ಚೆಂದಾಗಿ ಮುಟ್ಟಿದ್ಳೇನಪಾ ಅಂತ ಕೇಳಿದೆ."

ವಾರಿಜಾ ಬಗ್ಗಿ ಅವಳ ಭುಜ ಹಿಡಿದರು.

"ಏನಂದ?"

"ಯಾವ ಹುಡುಗಿ ಅಂದ್ರೀ. ನಾ ಯಾರ್ನೂ ಕಳಿಸಿಲ್ಲಲ್ಲ ಅಕ್ಕಾ ಅಂದ."